ಕೂತ ಅಳತೆ

ನಮ್ಮ ರೈಟ್ರು ಯಾರ ಮನೆಗೆ ಹೋದರೂ ‘ಕೂತ್ಕೊಳ್ಳಿ’ ಅಂದ ಕೂಡಲೇ ಕೂರುವವರಲ್ಲ. ಕೊಟ್ಟ ಕುರ್ಚಿಯನ್ನು ಮೊದಲು ತಲೆಕೆಳಗು ಮಾಡಿ, ಅಡಿಭಾಗವನ್ನು ಬೆರಳಿನಿಂದ ತಟ್ಟಿ, ಕಾಲು ಸೇರುವ ಕಡೆ ಉಗುರು ಹಾಕಿ ನೋಡಿ, ಆಮೇಲೆ ನೆಟ್ಟಗೆ ಇಟ್ಟು ಕೂರುತ್ತಿದ್ದರು. ಅಣ್ಣನ ಮಗನಿಗೆ ಹೆಣ್ಣು ನೋಡಲು ಮಗ್ಗೆ ಊರಿಗೆ ಹೋದಾಗಲೂ ಇದನ್ನೇ ಮಾಡಿದರಂತೆ. ಹೆಣ್ಣಿನ ಅಪ್ಪ ಗಾಬರಿಯಾಗಿ, "ಏನಾರ ಬಿದ್ದೋಯ್ತಾ ಸ್ವಾಮಿ?" ಎಂದು ಕೇಳಿದರು. "ಇನ್ನೂ ಇಲ್ಲ, ಬೀಳೋನು ನಾನೇ. ನೋಡಿ, ಬರೀ ಮೊಳೆ ಹೊಡ್ದು ನಿಲ್ಸವ್ರೆ" ಎಂದು ಇವರು ತೋರಿಸಿದರು. ಅಷ್ಟಾದ ಮೇಲೂ ಆ ಸಂಬಂಧ ಕೂಡಿಬಂತು. ಮದುವೆಗೆ ಇವರ ಕಡೆಯಿಂದ ಬೀಗರಿಗೆ ಹೋದ ಉಡುಗೊರೆ, ಒಂದೂ ಮೊಳೆಯಿಲ್ಲದ ಕುರ್ಚಿ.

ಅವರ ಹೆಸರು ಬರೆಯುವುದಿಲ್ಲ. ತಾವು ಮಾಡಿದ ಸಾಮಾನಿನ ಮೇಲೇ ಹೆಸರು ಹಾಕದ ಮನುಷ್ಯ, ನಾನು ಕಾಗದದ ಮೇಲೆ ಹಾಕಿದರೆ ಬೈಯುತ್ತಿದ್ದರು. ದೋಣಿಗಲ್ ಕಡೆಯ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗ ಕಾಯುವುದು, ಆಳುಗಳಿರುವ ಲೈನ್ ಮನೆಗಳ ಜಗಳ ಬಿಡಿಸುವುದು ಅವರ ಕೆಲಸ. ಅಲ್ಲಿಂದ ನಿವೃತ್ತರಾಗಿ ಬೆಳಗೋಡಿಗೆ ಬಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಮರಗೆಲಸ ಶುರುಮಾಡಿದರು. ಮರಗೆಲಸ ಅವರ ಮನೆತನದ ಕಸುಬಲ್ಲ. ಎಸ್ಟೇಟಿಗೆ ಬಂದುಹೋಗುವ ಬಡಗಿಗಳ ಪಕ್ಕ ನಿಂತು ನೋಡಿ ಕಲಿತದ್ದು. ಬಡಗಿಗಳು ಹಾಜರಿ ಹಾಕಿಸಿಕೊಳ್ಳಲು ಬಂದರೆ, ಮರ ನುಣುಪು ಮಾಡುವ ಉಜ್ಜುಗೊರಡು ಹಿಡಿಯುವುದು ಹೇಗೆಂದು ಅವರಿಂದ ತೋರಿಸಿಕೊಂಡೇ ಇವರು ಹಾಜರಿ ಹಾಕುತ್ತಿದ್ದರಂತೆ.

ನನ್ನದು ಲೇಡೀಸ್ ಟೈಲರಿಂಗ್ ಅಂಗಡಿ. ನನ್ನ ಹಿಂದಿನ ಗೋಡೆಗೆ ತಾಗಿಕೊಂಡೇ ಅವರ ಶೆಡ್ಡು. ಈಚೆ ನನ್ನ ಮಿಷನ್ ಕಟಕಟ ಅನ್ನುತ್ತಿದ್ದರೆ ಆಚೆ ಅವರ ಉಜ್ಜುಗೊರಡು ಸರಸರ ಅನ್ನುತ್ತಿತ್ತು. ದಿನಕ್ಕೆ ಒಂದು ಸಲವಾದರೂ ಬಂದು ನನ್ನ ಬಟ್ಟೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು ಹೋಗುತ್ತಿದ್ದರು. ಅದು ಮರದ ಮೇಲೆ ಚೆನ್ನಾಗಿ ಮೂಡುತ್ತದಂತೆ. "ಪೆನ್ಸಿಲ್ ಇಟ್ಕೊಳ್ಳಕ್ಕಾಗಲ್ವಾ ರೈಟ್ರೇ?" ಅಂದರೆ, "ಪೆನ್ಸಿಲ್ ಕಿವಿ ಮೇಲಿಟ್ಟು ಮರೆತೋಗ್ತೀನಿ ಕಣಮ್ಮ. ನಿನ್ ಸೀಮೆಸುಣ್ಣ ಆದ್ರೆ ನೀನು ನೆನಪು ಮಾಡ್ತೀಯ" ಅನ್ನುತ್ತಿದ್ದರು.

ಅವರು ಒಂದು ಸ್ಟೂಲನ್ನೂ ಮಾರಲಿಲ್ಲ. ಎಲ್ಲ ಕೊಡುವುದಕ್ಕೇ. ಕೇಳಿದವರಿಗೆ ಮಾತ್ರ ಕೊಡುತ್ತಿರಲಿಲ್ಲ, ಕೇಳಿದರೆ ಅದು ಉಡುಗೊರೆ ಅಲ್ಲ, ಆರ್ಡರು ಎನ್ನುವುದು ಅವರ ವಾದ. ನಾನು ಎರಡು ವರ್ಷ ಸೊಂಟ ನೋವು ಅಂತ ಗೋಳಾಡಿದರೂ ಬಾಯಿಬಿಟ್ಟು ಕೇಳಲಿಲ್ಲ. ಒಂದು ವಾರ ಅವರೇ ಅಂಗಡಿಯ ಎದುರು ಬಂದು ಬಂದು ನಿಲ್ಲತೊಡಗಿದರು. "ಹೆಂಗಸರು ಬಂದು ಹೋಗೋ ಜಾಗ, ಹಿಂಗ್ ನಿಂತ್ರೆ ನನ್ ಗಿರಾಕಿ ಓಡೋಗ್ತಾರೆ" ಎಂದು ಗದರಿಸಿದೆ. ತಿಂಗಳಾದ ಮೇಲೆ ಒಂದು ಸ್ಟೂಲು ತಂದಿಟ್ಟರು, ಕೂರುವ ಹಲಗೆ ಬಲಕ್ಕೆ ಒಂಚೂರು ವಾಲಿಕೊಂಡಿತ್ತು. "ಸೊಟ್ಟ ಆಗೈತಲ್ರೀ" ಅಂದೆ. "ಸೊಟ್ಟ ಇರೋದು ನೀನು. ಬಲಗಾಲಲ್ಲಿ ಪೆಡಲ್ ಒತ್ತೊತ್ತಿ ಹಂಗಾಗಿದ್ದೀಯ. ಕೂತು ನೋಡು" ಅಂದರು. ಕೂತೆ. ಇವತ್ತಿಗೂ ಅದರ ಮೇಲೇ ಕೂತಿದ್ದೇನೆ, ನೋವು ಅರ್ಧಕ್ಕರ್ಧ ಇಳಿದಿದೆ.

ಅವರ ಉಡುಗೊರೆಗಳೆಲ್ಲ ಹೀಗೆ ಸುಖವಾಗಿ ಮುಗಿದವು ಅಂದುಕೊಳ್ಳಬೇಡಿ. ಒಮ್ಮೆ ಹಳೆಯ ಕಾಫಿ ಗಿಡದ ಬೊಡ್ಡೆಗಳನ್ನು ಕಾಲು ಮಾಡಿ, ಮೇಲೆ ಸಿಲ್ವರ್ ಓಕ್ ಮರದ ಹಲಗೆ ಕೂರಿಸಿ ಚೆಂದದ ಟೀಪಾಯಿ ಮಾಡಿದರು. ಹತ್ತಿರದ ಪ್ಲಾಂಟರೊಬ್ಬರ ಗೃಹಪ್ರವೇಶಕ್ಕೆ ಕೊಟ್ಟರು. ಆ ಗಿಡಗಳನ್ನು ಕಿತ್ತಿದ್ದೇ ಕಾಂಡಕೊರಕ ಹುಳ ಬಿದ್ದಿದೆ ಎಂದು. ಇವರಿಗೆ ಬೊಡ್ಡೆಯ ಅಂದ ಕಂಡಿತು, ಒಳಗಿರುವವನು ಕಾಣಲಿಲ್ಲ. ನಾಲ್ಕು ತಿಂಗಳಿಗೆ ಪ್ಲಾಂಟರ್ ನೆಂಟರ ಜೊತೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಟೀಪಾಯಿಯ ಕಾಲಿನಲ್ಲಿ ತೂತು ಬಿದ್ದು, ಕಪ್ಪು ದುಂಬಿಯೊಂದು ಮೀಸೆ ಅಲ್ಲಾಡಿಸಿಕೊಂಡು ಹೊರಗೆ ಬಂತಂತೆ. ತೋಟಕ್ಕೆ ಆ ಹುಳ ಬರದಿರಲೆಂದು ವರ್ಷವಿಡೀ ಒದ್ದಾಡುವ ಮನುಷ್ಯನ ನಡುಮನೆಯಲ್ಲೇ! ಆ ಪ್ಲಾಂಟರ್ ಟೀಪಾಯಿಯನ್ನು ಅಂಗಳದಲ್ಲಿ ಸುಟ್ಟುಬಿಟ್ಟರು. ರೈಟ್ರಿಗೆ ವಿಷಯ ಗೊತ್ತಾದಾಗ ಬೇಜಾರಾಗಲಿಲ್ಲ. "ಸುಟ್ಟಿದ್ದೇ ಸರಿ. ನಾನಾಗಿದ್ರೂ ಸುಡ್ತಿದ್ದೆ. ತಪ್ಪು ನಂದು" ಅಂದರು. ಆಮೇಲೆ ಅವರು ಕಾಫಿ ಬೊಡ್ಡೆ ಮುಟ್ಟಲಿಲ್ಲ.

ಅವರು ಅಳತೆ ತೆಗೆಯುವ ರೀತಿ ಬೇರೆಯೇ. ನನ್ನಂತೆ ಟೇಪು ಹಿಡಿಯುತ್ತಿರಲಿಲ್ಲ. ಬೆರಳು ದಪ್ಪದ ಹಲಗೆಗಳ ಒಂದು ಅಟ್ಟಿ ಇತ್ತು. ಅದರ ಮೇಲೆ ನಿಮ್ಮನ್ನು ಕೂರಿಸಿ, ಒಂದು ಹಲಗೆ ತೆಗೆದು, ಇನ್ನೊಂದು ಸೇರಿಸಿ, ಮೊಣಕಾಲಿಗೆ ಹಿತ ಅನ್ನಿಸುವ ತನಕ ಏಳಿಸಿ ಕೂರಿಸಿ ಮಾಡುತ್ತಿದ್ದರು. ಹಿತವಾದಾಗ ಹಲಗೆ ಎಣಿಸಿ ಬರೆದುಕೊಳ್ಳುವರು. ನಿಂತ ಮನುಷ್ಯ ಸುಳ್ಳು ಹೇಳ್ತಾನೆ, ಕೂತ ಮನುಷ್ಯ ನಿಜ ಹೇಳ್ತಾನೆ ಅನ್ನುವುದು ಅವರ ಮಾತು. ಸಾಮಾನು ಮುಗಿದ ಮೇಲೆ ತಾವೇ ಅದರಲ್ಲಿ ಕೂತು ದಿನಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಗಳ ತನಕ ಓದಬೇಕು. ಅಷ್ಟರಲ್ಲಿ ಬೆನ್ನು ನೊಂದರೆ ಅದು ಕೊಡಲು ಯೋಗ್ಯವಲ್ಲ.

ಇಂಥವರು ಯಾರಿಗಾಗಿ ಮಾಡಬೇಕೆಂದು ಜೀವ ಬಿಡುತ್ತಿದ್ದರೋ, ಅವರನ್ನು ಮಾತ್ರ ಹಲಗೆಯ ಮೇಲೆ ಕೂರಿಸುವ ಹಾಗಿರಲಿಲ್ಲ. ಅದು ಅವರ ಅತ್ತಿಗೆ.

ರೈಟ್ರು ಮದುವೆಯಾಗಲಿಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗ ತಾಯಿ ತೀರಿಕೊಂಡರು. ಅದೇ ವರ್ಷ ಅಣ್ಣನ ಹೆಂಡತಿಯಾಗಿ ಮನೆಗೆ ಬಂದ ಅತ್ತಿಗೆ ಇವರನ್ನು ಸೊಂಟದ ಮೇಲೆ ಎತ್ತಿ ಬೆಳೆಸಿದರು. ಆಕೆ ಎತ್ತರದ ಹೆಂಗಸು. ಕಾಫಿ ಕೊಯ್ಯುವಾಗ ಬೇರೆಯವರು ರೆಂಬೆ ಬಗ್ಗಿಸಿದರೆ ಆಕೆ ಕೈ ಚಾಚಿ ತುದಿಯ ಹಣ್ಣು ಬಿಡಿಸುತ್ತಿದ್ದರು ಎಂದು ರೈಟ್ರು ನೂರು ಸಲ ಹೇಳಿದ್ದಾರೆ. ಅಣ್ಣ ಹೋದ ಮೇಲೆ ಮನೆಯಲ್ಲಿ ಅತ್ತಿಗೆ, ಬಸ್ ನಿಲ್ದಾಣದಲ್ಲಿ ಅಂಗಡಿ ಇಟ್ಟಿರುವ ಅವರ ಮಗ, ಅಂಗನವಾಡಿಗೆ ಹೋಗುವ ಸೊಸೆ ಮತ್ತು ಇವರು. ಇವರು ‘ಅತ್ತಿಗೆ, ಅತ್ತಿಗೆ’ ಅಂತ ಕೂಗಿ ಕೂಗಿ ಬೀದಿಗೆಲ್ಲ ಆಕೆ ಅತ್ತಿಗೆಯೇ ಆಗಿದ್ದರು.

ಅತ್ತಿಗೆಗೆ ಲಿಂಗಪೂಜೆ ಆಗದೆ ಬಾಯಿಗೆ ನೀರೂ ಇಲ್ಲ. ಮಣೆಯ ಮೇಲೆ ಕೂತು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸಿಯೇ ತಿಂಡಿ. ಮೊಣಕಾಲು ಹೋದ ಮೇಲೆ ನೆಲಕ್ಕೆ ಇಳಿಸಲು ಇಬ್ಬರು, ಎಬ್ಬಿಸಲು ಇಬ್ಬರು ಬೇಕಾಯಿತು. ಬೆಳಿಗ್ಗೆ ಸೊಸೆಗೆ ಅವಸರ, ಮಗನಿಗೆ ಅಂಗಡಿ. ಯಾರಿಗೂ ತೊಂದರೆ ಬೇಡವೆಂದು ಆಕೆ ಪೂಜೆಯನ್ನು ಅವರು ಊಟಕ್ಕೆ ಬರುವ ಮಧ್ಯಾಹ್ನಕ್ಕೆ ತಳ್ಳಿದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂಟು ಗಂಟೆಗೆ ತಿಂಡಿಯ ಜೊತೆ ನುಂಗಬೇಕು. ಆಕೆ ಮಾತ್ರೆಯನ್ನು ನಿಷ್ಠೆಯಿಂದ ಎಂಟಕ್ಕೆ ನುಂಗಿ, ತಿಂಡಿಯನ್ನು ಒಂದು ಗಂಟೆಗೆ ತಿನ್ನುತ್ತಿದ್ದರು. ಮಾತ್ರೆಗೆ ಬೇಕಾದ ಗುಟುಕು ನೀರನ್ನು ಆಕೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎರಡು ಸಲ ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಬಿದ್ದರು. ಹೀಗೇ ಆದರೆ ಮೂರನೇ ಸಲ ಎದ್ದೇಳುವುದಿಲ್ಲ ಎಂದು ಸಕಲೇಶಪುರದ ಡಾಕ್ಟರು ಮುಖಕ್ಕೆ ಹೇಳಿಬಿಟ್ಟರು.

ಕುರ್ಚಿಯ ಮೇಲೆ ಕೂತು ಪೂಜೆ ಮಾಡಬಹುದು, ದೋಷವಿಲ್ಲ ಎಂದು ಮಠದ ಅಯ್ನೋರು ಬಂದು ಹೇಳಿದರು. ಅತ್ತಿಗೆ ಕೈಮುಗಿದು ಕೇಳಿಸಿಕೊಂಡರು. ಅವರು ಹೋದ ಮೇಲೆ, "ಕುರ್ಚಿ ಮ್ಯಾಲೆ ಕುಂತು ಪೂಜೆ ಮಾಡಕ್ಕೆ ನಾನೇನು ಪಂಚಾಯ್ತಿ ಅಧ್ಯಕ್ಷೇನಾ?" ಅಂದರು. ರೈಟ್ರು ವಾರಗಟ್ಟಲೆ ಚೌಕಾಶಿ ಮಾಡಿ ಕೊನೆಗೆ ಆಕೆಯನ್ನು ಒಂದು ಒಪ್ಪಂದಕ್ಕೆ ತಂದರು. ಒರಗಲು ಬೆನ್ನಿದ್ದರೆ ಕುರ್ಚಿ, ಕಾಲಿದ್ದರೂ ಬೆನ್ನಿಲ್ಲದಿದ್ದರೆ ಮಣೆ. ಕಬ್ಬಿಣ ತಾಗಬಾರದು. ಹಲಸಿನ ಮರವೇ ಆಗಬೇಕು. ಎದ್ದೇಳುವಾಗ ಊರಿಕೊಳ್ಳಲು ಎರಡು ಕಡೆ ಮರದ ಕೈ ಇದ್ದರೆ ಆಕೆ ಅದನ್ನು ನೋಡದ ಹಾಗೆ ಇರಬಲ್ಲರು.

ಎಲ್ಲಾ ಸರಿಹೋಯಿತು ಅನ್ನುವಾಗ ಅಳತೆಗೆ ಬಂದು ನಿಂತಿತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಗುಣಿ ತೆಗೆಯುವ ಮುಂಚೆ ಕೂರಿಸಿದ ದೇಹದ ಅಳತೆ ತೆಗೆಯುವುದು ಅವರ ಮನೆತನದ ಪದ್ಧತಿ. ಹಾಗಾಗಿ ಆ ಮನೆಯಲ್ಲಿ ಕೂತಿರುವ ಜೀವವನ್ನು ಯಾರೂ ಅಳೆಯುವುದಿಲ್ಲ. ರೈಟ್ರು ಊರವರನ್ನೆಲ್ಲ ಹಲಗೆಯ ಮೇಲೆ ಕೂರಿಸಿದ್ದು ಆಕೆಗೆ ಗೊತ್ತಿತ್ತು, ಅದು ಊರವರ ಪಾಡು. "ಕುಂತ ಅಳತೆ ಒಂದೇ ಸಲ ಕಣೋ. ಅದಕ್ಕಿನ್ನೂ ಟೈಮ್ ಐತೆ" ಎಂದು ಹೇಳಿ ಮಾತು ಮುಗಿಸಿದರು.

ಆಗ ರೈಟ್ರು ನನ್ನ ಅಂಗಡಿಗೆ ಬಂದರು. ಸೀಮೆಸುಣ್ಣ ಮುಟ್ಟಲಿಲ್ಲ.

"ಅತ್ತಿಗೆ ಲಂಗದ್ದು, ರವಿಕೆದು ಅಳತೆ ನಿನ್ ಪುಸ್ತಕದಲ್ಲಿ ಐತೇನಮ್ಮ?"

"ಇಲ್ದೆ ಏನು? ಬೆಳಗೋಡಿನ ಹೆಂಗಸರೆಲ್ಲ ಅವ್ರೆ ಇದ್ರೊಳಗೆ" ಎಂದು ಜಂಬದಿಂದ ಪುಸ್ತಕ ತೆಗೆದೆ. ಲಂಗದ ಉದ್ದದಿಂದ ಕಾಲಿನ ಎತ್ತರ, ರವಿಕೆಯ ಉದ್ದ ಮತ್ತು ತೋಳಿನಿಂದ ಕೈ ಊರುವ ಎತ್ತರ ಲೆಕ್ಕ ಹಾಕುತ್ತೇನೆ ಅಂದರು. ನಾನು ಓದಿದೆ, ಅವರು ಬರೆದುಕೊಂಡರು. ಪುಟದ ಮೂಲೆಯಲ್ಲಿ ತಾರೀಕಿತ್ತು. ಅವರ ಮನೆಯ ಮದುವೆಗೆ ಹೊಲಿದಾಗಿನ ಅಳತೆ ಅದು, ಹನ್ನೆರಡು ವರ್ಷ ಹಳೆಯದು. ಕಂಡಿತು. ಕಂಡೂ ಸುಮ್ಮನಾದೆ. ವಯಸ್ಸಾದ ಮುದುಕಿ ಇನ್ನು ಬೆಳೆಯುತ್ತಾಳಾ ಅಂದುಕೊಂಡೆ. ಬೆಳೆಯದವರು ಕುಗ್ಗಬಹುದು ಅನ್ನುವುದು, ದಿನಾ ಮೈ ಅಳೆಯುವ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನನ್ನ ಪುಸ್ತಕ ತಪ್ಪು ಅಂತ ಬಾಯಿ ಬಿಡುತ್ತಿದ್ದೆನೋ ಇಲ್ಲವೋ.

ನಾಲ್ಕು ತಿಂಗಳು ಆ ಮಣೆಯ ಕೆಲಸ ನಡೆಯಿತು. ಅಟ್ಟದ ಮೇಲೆ ಏಳು ವರ್ಷ ಒಣಗಿದ್ದ ಹಲಸಿನ ಹಲಗೆ ಇಳಿಸಿದರು. ಒಂದೊಂದು ಮರದ ಬೆಣೆಯನ್ನೂ ಗಾಜಿನ ಚೂರಿನಿಂದ ಹೆರೆದು ಕೂರಿಸಿದರು. ಆ ನಾಲ್ಕು ತಿಂಗಳು ಬೀದಿಯಲ್ಲಿ ಯಾರಿಗೂ ಒಂದು ಮಣೆ, ಸ್ಟೂಲು ಸಿಗಲಿಲ್ಲ. ಅತ್ತಿಗೆ ಬಿದ್ದಾರು ಎನ್ನುವ ಹೆದರಿಕೆಗೆ ದಿನಾ ಎಂಟು ಗಂಟೆಗೆ ಕೆಲಸ ಬಿಟ್ಟು ಹೋಗಿ ಬಚ್ಚಲ ಬಾಗಿಲ ಹತ್ತಿರ ಏನೋ ನೆಪ ತೆಗೆದು ನಿಲ್ಲುತ್ತಿದ್ದರು. ಕೆಲಸ ಮುಗಿದ ದಿನ ಮಾಮೂಲಿನಂತೆ ಪತ್ರಿಕೆ ತರಿಸಿ, ಕೂತು ಟೆಂಡರುಗಳನ್ನೂ ಬಿಡದೆ ಓದಿದರು. ಅವರ ಬೆನ್ನು ನೋಯಲಿಲ್ಲ. ಅವರು ಎತ್ತರದ ಆಳು.

ಅತ್ತಿಗೆ ಕೂತರು, ಪೂಜೆ ಮಾಡಿದರು. "ಚೆನ್ನಾಗೈತೆ ಕಣೋ" ಅಂದರು. ರೈಟ್ರು ಬೀದಿಗೆಲ್ಲ ಬಾಳೆಹಣ್ಣು ಹಂಚಿದರು. ಎರಡನೆಯ ದಿನವೂ ಚೆನ್ನಾಗೈತೆ. ಮೂರನೆಯ ದಿನ ಇವರು ಬಾಗಿಲ ಸಂದಿಯಿಂದ ಇಣುಕಿ ನೋಡಿದ್ದಾರೆ. ಆಕೆಯ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಮೊಣಕೈ ಮಣೆಯ ಎತ್ತರದ ಕೈಗಳಿಗೆ ಸಿಕ್ಕಿ ಭುಜ ಕಿವಿಯ ಹತ್ತಿರ ಬಂದಿತ್ತು. ದೊಡ್ಡವರ ಬೆಂಚಿನ ಮೇಲೆ ಕೂರಿಸಿದ ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂತಿದ್ದರು. ಪೂಜೆ ಮುಗಿಸಿ ಏಳಲು ಮೂರು ಸಲ ಊರಿದರು, ಆಗಲಿಲ್ಲ. ಇವರು ಒಳಗೆ ಹೋಗಿ ಎತ್ತಬೇಕಾಯಿತು.

ಅಂದು ಬಂದು ನನ್ನೆದುರು ಕೂತರು. ಕುರ್ಚಿ ತಲೆಕೆಳಗು ಮಾಡದೆ ಅವರು ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಪುಸ್ತಕ ಕೊಡು" ಅಂದರು. ಕೊಟ್ಟೆ. ತಾರೀಕಿನ ಮೇಲೆ ಬೆರಳಿಟ್ಟರು.

"ಗೊತ್ತಿತ್ತು ರೈಟ್ರೇ. ನೋಡಿದ್ದೆ. ಹೇಳ್ಲಿಲ್ಲ" ಅಂದೆ. ಬೈಯಲಿ ಅಂತ ಕಾದೆ.

ಅವರು ಬೈಯಲಿಲ್ಲ. "ನಿನ್ ಪುಸ್ತಕ ಬುಡು. ನಾನು ದಿನಾ ಜೊತೆಲಿರೋನು. ನಾನೂ ಇದೇ ಅಳತೆಲೇ ನೋಡ್ತಿದ್ದೆ ಅವರನ್ನ. ಇಷ್ಟು ಸಣ್ಣೋರಾಗ್ಬುಟ್ಟವರೆ ಅಂತ ಇವತ್ತು ಕಾಣ್ತು ಕಣಮ್ಮ" ಅಂದರು. ಕಣ್ಣು ಒರೆಸಿಕೊಳ್ಳಲು ಅಲ್ಲಿದ್ದ ಕತ್ತರಿಸಿದ ಲೈನಿಂಗ್ ಬಟ್ಟೆ ಎತ್ತಿಕೊಂಡರು. ಅವರು ಹೋದ ಮೇಲೆ ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ.

ಸಂಜೆ ಅಂಗಡಿ ಮುಚ್ಚಿ ಅತ್ತಿಗೆಯ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಆಕೆ ಮೊದಲು ನಕ್ಕರು. "ಅಂವ ನಾಲ್ಕು ತಿಂಗ್ಳು ಒದ್ದಾಡಿ ಮಾಡವ್ನೆ, ಚೆನ್ನಾಗಿಲ್ಲ ಅಂತ ಹೆಂಗೆ ಹೇಳ್ಲಿ ಹೇಳು" ಅಂದರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು. "ನಾಳೆ ಟೇಪು ತಗೊಂಡು ಬಾ. ಅವನಿಗೂ ಹೇಳು, ಹಲಗೆ ತರ್ಲಿ" ಅಂದರು.

ಮರುದಿನ ನಾನು ಹೋಗುವಾಗ ರೈಟ್ರು ಹಲಗೆಗಳನ್ನು ಎದೆಗವಚಿಕೊಂಡು ಅಂಗಳದಲ್ಲಿ ನಿಂತಿದ್ದರು, ಒಳಗೆ ಬರುತ್ತಿರಲಿಲ್ಲ.

"ಬ್ಯಾಡ ಅತ್ತಿಗೆ. ಅಂದಾಜಲ್ಲಿ ಮಾಡ್ತೀನಿ."

"ಅಂದಾಜಲ್ಲಿ ಮಾಡಿದ್ದು ನೋಡಿದ್ನಲ್ಲ. ಬಾ ಒಳಕ್ಕೆ."

"ನನ್ ಕೈ ಬರಲ್ಲ ಅತ್ತಿಗೆ."

"ಗುಣಿಗೆ ಅಂತ ತಗೊಂಡ್ರೆ ಗುಣಿಗೆ. ಪೂಜೆಗೆ ಅಂತ ತಗೊಂಡ್ರೆ ಪೂಜೆಗೆ. ಟೇಪಿಗೇನು ಗೊತ್ತೈತೆ? ನೀನು ಬರ್ಕೊ, ಇವಳು ತಗೋತಾಳೆ" ಎಂದು ಅತ್ತಿಗೆ ಸೆರಗು ಸರಿಮಾಡಿಕೊಂಡು ಗೋಡೆ ಹಿಡಿದು, ಇವರು ಒಳಗೆ ತಂದು ಮೊದಲ ಮಣೆಯ ಎತ್ತರಕ್ಕೆ ಜೋಡಿಸಿದ ಹಲಗೆಗಳ ಮೇಲೆ ಕೂತರು.

ಸಾವಿರ ಹೆಂಗಸರ ಅಳತೆ ತೆಗೆದಿದ್ದೇನೆ. ಅಂದು ಟೇಪಿನ ಯಾವ ತುದಿ ಹಿಡಿಯಬೇಕೆಂದೇ ಮರೆತೆ. ಮೂರು ಹಲಗೆ ತೆಗೆದ ಮೇಲೆ ಆಕೆಯ ಹಿಮ್ಮಡಿ ನೆಲ ಮುಟ್ಟಿತು. ಮೊಣಕೈ ಎತ್ತರ ಹೇಳಿದೆ, ಹಿಮ್ಮಡಿಯಿಂದ ಮೊಣಕಾಲು ಹೇಳಿದೆ. ರೈಟ್ರು ತಲೆ ಬಗ್ಗಿಸಿ ಬರೆದುಕೊಂಡರು. ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿಸಿದರು. ಬರೆದದ್ದಾದ ಮೇಲೆ ಅತ್ತಿಗೆಯೇ, "ಸತ್ತೋಗ್ಲಿಲ್ಲ ನೋಡು" ಅಂದರು. ಮೂವರೂ ನಕ್ಕೆವು.

ಎರಡನೆಯ ಮಣೆ ಮೂರು ವಾರದಲ್ಲಿ ಆಯಿತು. ಪತ್ರಿಕೆ ಓದುವ ಪರೀಕ್ಷೆ ಅದಕ್ಕೆ ನಡೆಯಲಿಲ್ಲ. ಅವರ ಮೊಣಕಾಲು ಎದೆಗೆ ಬರುತ್ತಿತ್ತು. ಮೊದಲಿನದನ್ನು ಮುರಿಯಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಶೆಡ್ಡಿನಲ್ಲಿ ತಾವೇ ಇಟ್ಟುಕೊಂಡರು. ಅತ್ತಿಗೆ ಅಂದಿನಿಂದ ಎಂಟು ಗಂಟೆಯೊಳಗೆ ಪೂಜೆ ಮುಗಿಸಿ, ಕೈ ಊರಿ ತಾವೇ ಎದ್ದು, ತಿಂಡಿ ತಿಂದು ಮಾತ್ರೆ ನುಂಗತೊಡಗಿದರು. ಮತ್ತೆ ಬೀಳಲಿಲ್ಲ. ಹೀಗೆ ಮೂರು ವರ್ಷ ನಡೆಯಿತು. ಗೋಡೆಯಾಚೆಯಿಂದ ರೈಟ್ರು ದಿನಾ ಕೂಗುತ್ತಿದ್ದರು, "ಅತ್ತಿಗೆ, ಆಯ್ತಾ?" ಒಳಗಿನಿಂದ, "ಆಯ್ತು ಕಣೋ, ಉಣ್ತಾ ಇದೀನಿ." ಅದು ಕೇಳಿದ ಮೇಲೇ ಉಜ್ಜುಗೊರಡಿನ ಸದ್ದು ಶುರುವಾಗುತ್ತಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ರೈಟ್ರು ಹಾಸಿಗೆಯಿಂದ ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ನಾನು ಓಡಿಹೋಗುವಷ್ಟರಲ್ಲಿ ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಆಲೂರಿನ ನೆಂಟರು ಮೊದಲ ಬಸ್ಸಿಗೇ ಬಂದರು. ಅತ್ತಿಗೆಯ ಮಗ ಒಂದು ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅತ್ತಿಗೆ ಮೈದುನನ ಮುಖವನ್ನು ಒಂದು ಸಲ ಸವರಿದರು, ಅಳಲಿಲ್ಲ. ಗಡಿಯಾರ ನೋಡಿದರು. ಪೂಜೆಯ ಕೋಣೆಗೆ ಹೋದರು.

ನಮ್ಮಲ್ಲಿ ಸಾವಿಗೆ ಸೂತಕವಿಲ್ಲ, ಪೂಜೆ ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಆದರೆ ಪೂಜೆ ಮುಗಿಸಿದ ಆಕೆ, ಬೆನ್ನಿಲ್ಲದ ಆ ಮಣೆಯ ಮೇಲೆ ಕೂತಲ್ಲಿಂದಲೇ ಸೊಸೆಯನ್ನು ಕರೆದು, "ನಂಗೆ ತಿಂಡಿ ಕೊಡು" ಅಂದರು. ಒಲೆ ಹಚ್ಚಿರಲಿಲ್ಲ. ಸೊಸೆ ನನ್ನ ಮುಖ ನೋಡಿದಳು. ನಾನು ಮನೆಗೆ ಓಡಿ ಎರಡು ಅಕ್ಕಿ ರೊಟ್ಟಿ, ಚಟ್ನಿ ತಂದುಕೊಟ್ಟೆ.

ಆಲೂರಿನಿಂದ ಬಂದಿದ್ದ ನೆಂಟರ ಹೆಂಗಸೊಬ್ಬರು ತಡೆಯಲಾರದೆ, "ಹೆಣ ಮನೇಲಿಟ್ಕೊಂಡು ಯಾರಾರ ಉಣ್ತಾರಾ ದೊಡ್ಡಮ್ಮ? ಒಂದೊತ್ತು ತಡ್ಕೊಳ್ಳಕ್ಕಾಗಲ್ವಾ?" ಅಂದುಬಿಟ್ಟರು.

ಅತ್ತಿಗೆ ರೊಟ್ಟಿ ಮುರಿದರು. ಆಗ ಕಣ್ಣಲ್ಲಿ ನೀರು ಬಂತು, ಧಾರಾಕಾರ ಬಂತು. ಒರೆಸಿಕೊಳ್ಳಲಿಲ್ಲ.

"ನಾನು ಹೊತ್ತಿಗೆ ಸರಿಯಾಗಿ ಉಣ್ಲಿ ಅಂತ್ಲೇ ಅಂವ ಇದನ್ನ ಮಾಡಿದ್ದು ಕಣವ್ವ. ಇವತ್ತೊಂದಿನ ಉಣ್ದೆ ಇದ್ರೆ, ಅಂವ ಅಲ್ಲಿ ಕುಂತವ್ನಲ್ಲ, ಅವನ ಮುಂದೆ ಹೋಗಿ ಏನಂತ ಕುಂತ್ಕೊಳ್ಳಿ?"

ಎರಡು ರೊಟ್ಟಿಯನ್ನೂ ನಿಧಾನಕ್ಕೆ ತಿಂದರು. ಮಾತ್ರೆ ನುಂಗಿ ನೀರು ಕುಡಿದರು. ಸೊಸೆ ಕೈ ಕೊಡಲು ಹೋದಳು. ಬೇಡ ಅಂದರು. ಎರಡೂ ಕಡೆ ಕೈ ಊರಿ, ತಾವೇ ಎದ್ದು, ಮೈದುನನ ಹತ್ತಿರ ನಡೆದುಕೊಂಡು ಹೋದರು.